ಪದಚರ್ಚೆ: ‘ರೈಟ್ ಆಫ್ ಅಡ್ಮಿಶನ್ ರಿಸರ್ವ್ಡ್’ ಇದಕ್ಕೆ ಕನ್ನಡದಲ್ಲಿ ಎಂತ ಬರೆಯೂದು?

ಕುಮಟಾದಿಂದ:
ನಮಸ್ಕಾರ. ಹೈವೇ ಬದಿಗೆ ನಮ್ಮ ಭಾವನ ಹೋಟ್ಲು ಇದೆ. ಶೇ. 60 ಕನ್ನಡ ಇರ್ಬೇಕು ಅಂತ ಹೆಸರಿನ ಬೋರ್ಡು ಬದಲಾಯ್ತು, ಈಗ ಗಲ್ಲೆ ಹಿಂದಿರೋ ಇಂಗ್ಲಿಷ್ ಬೋರ್ಡನ್ನೂ ಕನ್ನಡ ಮಾಡುವಾ ಅಂತ ಹೊರಟಿದ್ದಾರೆ. ಗೋಕರ್ಣಕ್ಕೆ ಹೋಗೋ ಕೆಲವು ಗುಂಪು ಕಂಠಪೂರ್ತಿ ಕುಡ್ಕೊಂಡು ಬಂದು ಕೂತ್ಕೊಳ್ತವೆ, ಅವರಿಗಾಗಿ ಇದು. ‘ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ’ ಅಂತ ಬರೆದು ಮಾಣಿಗೆ ತೋರಿಸಿದ್ರೆ, ಯಾರೋ ಟೇಬಲ್ ಬುಕ್ ಮಾಡಿದ್ದಾರಾ ಅಂತ ಕೇಳ್ದ. ‘ಮೀಸಲು’ ಅಂದ್ರೆ ಮೀಸಲಾತಿ ಕಡೆ ಹೋಗ್ತದೆ. ಸಂಜೆಯೊಳಗೆ ಹೇಳಿ, ಫ್ಲೆಕ್ಸ್‌ನವ ಕಾಯ್ತಾ ಇದ್ದಾನೆ.

ಶಿರಸಿಯಿಂದ:
ಪ್ರವೇಶ ಸಂಸ್ಕೃತ, ಹಕ್ಕು ಅರಬ್ಬಿ. ಕನ್ನಡ ಎಲ್ಲಿದೆ ಇದರಲ್ಲಿ? ‘ಒಳಗೆ ಬಿಡುವುದು ಬಿಡದಿರುವುದು ನಮಗೆ ಬಿಟ್ಟದ್ದು’ ಅಂತ ಬರೆಸಿ. ಮುಗೀತು.

ಹೊನ್ನಾವರದಿಂದ:
ಹಕ್ಕು ಅರಬ್ಬಿ ಅಂತ ಯಾರು ಹೇಳಿದ್ದು? ಹಳಗನ್ನಡದ ಪಾಲು (ಕುಡಿಯೋದು) ಹಾಲಾದ ಹಾಗೆ, ಪಕ್ಕಿ ಹಕ್ಕಿ ಆದ ಹಾಗೆ ಪಕ್ಕು ಹಕ್ಕಾಗಿದೆ. ಪಕ್ಕು ಅಂದ್ರೆ ಪಾಲು, ಭಾಗ. ಇದನ್ನ ನಾನು ಮೊದಲೇ ಬರೆದಿದ್ದೆ, ಯಾರೂ ಓದೂದಿಲ್ಲ.

ಶಿರಸಿಯಿಂದ:
ಓದಿದ್ದೇನೆ. ಬುಡ ಇಲ್ಲ.

ಕಾರವಾರದಿಂದ:
ಮಾರಾಯ್ರೇ, ಪದ ಆಮೇಲೆ. ‘ನಮಗೆ ಬಿಟ್ಟದ್ದು’ ಅನ್ನೋದು ಕನ್ನಡ ಚಂದ ಇದೆ, ಆದ್ರೆ ಪೂರ್ತಿ ನಿಜ ಅಲ್ಲ. ಸಂವಿಧಾನದ 15(2) ಸರ್ಕಾರಕ್ಕೆ ಮಾತ್ರ ಅಲ್ಲ, ಅಂಗಡಿ ಹೋಟ್ಲಿನವರನ್ನೂ ಹಿಡೀತದೆ, ಬರೀ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಒಳಗೆ ಬಿಡೂದಿಲ್ಲ ಅನ್ನೋ ಹಾಗಿಲ್ಲ, ಅಂದ್ರೆ ‘ಘಟ್ಟದ ಮೇಲೆ ಹುಟ್ಟಿದವರಿಗೆ ಇಲ್ಲ’ ಅಂತಾನೂ ಆಗೂದಿಲ್ಲ. ಅಸ್ಪೃಶ್ಯತೆ ಕಾರಣಕ್ಕೆ ತಡೆದ್ರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ದಂಡ, ಆವಾಗ ಗೋಡೆ ಮೇಲಿನ ಬೋರ್ಡು ತೋರಿಸಿ ಉಪಯೋಗ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಬೇರೆ ಇದೆ. ಆದ್ರೆ ಕುಡಿದು ರಂಪ ಮಾಡುವವ, ಹಳೇ ಉದ್ರಿ ತೀರಿಸದವ, ಮಾಣಿಗೆ ಕೈ ಎತ್ತುವವ, ಇವರ್ಯಾರೂ ಆ ಪಟ್ಟಿಯಲ್ಲಿಲ್ಲ. ಇಡೀ ಊರೇ ಬೈಯೋ ಪುಢಾರಿಗೆ ನಿಮ್ಮ ಭಾವ ಚಾ ಕೊಡೂದಿಲ್ಲ ಅಂದ್ರೂ 15(2) ಅಡ್ಡ ಬರೂದಿಲ್ಲ, ಪಕ್ಷ ಅನ್ನೋದು ಅಲ್ಲಿ ಬರೆದಿಲ್ಲ, ವ್ಯಾಪಾರಕ್ಕೆ ಒಳ್ಳೇದಾ ಅನ್ನೋದು ಅವರಿಗೆ ಬಿಟ್ಟ ಮಾತು. ಆಟೋದವರಿಗೆ ಇಷ್ಟು ಸಲೀಸಿಲ್ಲ ನೋಡಿ, ಸುಮ್ಮನೆ ಬರೂದಿಲ್ಲ ಅಂದ್ರೆ ದಂಡ ಹಾಕೂದಕ್ಕೆ ಮೋಟಾರು ವಾಹನ ಕಾಯ್ದೆಯ 178(3) ಇದೆ.
ಹಾಗಾಗಿ ಹಕ್ಕು ಗಿಕ್ಕು ಬಿಡಿ, ಕಾರಣವನ್ನೇ ಬರೆಸಿ: ‘ಕುಡಿದು ಗಲಾಟೆ ಮಾಡುವವರಿಗೆ ಇಲ್ಲಿ ಊಟ ತಿಂಡಿ ಕೊಡುವುದಿಲ್ಲ.’

ಕುಮಟಾದಿಂದ:
ಇದೇ ಬರೆಸ್ತೇನೆ ವಕೀಲರೇ. ಕೆಳಗೆ ‘ಉದ್ರಿ ಕೇಳಬಾರದು’ ಅಂತಾನೂ ಹಾಕಿಸ್ತೇನೆ, ಜಾಗ ಇದೆ.

ಶಿರಸಿಯಿಂದ:
ಉದ್ರಿ ಮರಾಠಿಯಿಂದ ಬಂದದ್ದು. ‘ಕಡ’ ಅನ್ನಿ.

ಅಂಕೋಲಾದಿಂದ:
ನಿಮ್ಮದು ಯಾವಾಗ್ಲೂ ಇದೇ. 1956ರ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಕಚೇರಿ ಮಾತು ಅಂಗಡಿ ಮಾತು ಎಲ್ಲಾ ಆ ಕಡೆಯಿಂದ ಬಂತು, ಬಂದು ಇಲ್ಲೇ ಮನೆ ಮಾಡ್ತು. ಹಕ್ಕಿನ ಕತೇನೂ ಅಷ್ಟೇ, ಅತಿಕ್ರಮಣ ಜಮೀನಿನವರು ವರ್ಷಗಟ್ಟಲೆ ಹಕ್ಕುಪತ್ರಕ್ಕೆ ಅಲೀತಾ ಇದ್ದಾರೆ, ಅರಬ್ಬಿ ಪದ ಬೇಡ ಅಂತ ಯಾರಾದ್ರೂ ವಾಪಸ್ ಕೊಟ್ಟದ್ದು ಕೇಳಿದ್ದೀರಾ? ಇನ್ನು ಕಡ. ಆಚೆ ಮನೆಯಿಂದ ಒಂದು ಸಿದ್ದೆ ಅಕ್ಕಿ ತಂದ್ರೆ ಅದು ಕಡ, ಅಕ್ಕೀನೇ ತಿರುಗಿ ಕೊಡ್ಬೇಕು. ಅಂಗಡಿಯಲ್ಲಿ ಪುಸ್ತಕದಲ್ಲಿ ಬರೆಸಿದ್ರೆ ಅದು ಉದ್ರಿ. ಎರಡೂ ಒಂದೇ ಅಲ್ಲ.

ಶಿರಸಿಯಿಂದ:
ಅಕ್ಕೋರೇ, ಕನ್ನಡದಲ್ಲಿ ಪದ ಇದ್ದೂ ಹೊರಗಿಂದ ತಂದ್ರೆ ಇದ್ದದ್ದು ಸಾಯ್ತದೆ. ಹಳೇ ಶಾಸನಗಳಲ್ಲಿ ಉದ್ರಿ ತೋರಿಸಿ.

ಅಂಕೋಲಾದಿಂದ:
ಶಾಸನದಲ್ಲಿ ಚಾ ಇದೆಯಾ?

ಹೊನ್ನಾವರದಿಂದ:
ಪಕ್ಕು ವಿಷಯಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.