ಜಪಾನಿ ಭಾಷಾದಾಗ ‘ಕ್ಯೊಕುಮೆನ್’ ಮತ್ತ ‘ದಂಕಯ್’: ಎಲ್ಲಿ ಯಾವ್ದು?

ಪ್ರಶ್ನೆ (ಧಾರವಾಡ):
ಎನ್1 (ಜಪಾನಿ ಭಾಷಾ ಪರೀಕ್ಷಾದ ಎಲ್ಲಕ್ಕಿಂತ ಮ್ಯಾಲಿನ ಮಟ್ಟ) ಪರೀಕ್ಷಾದ ಶಬ್ದಪಟ್ಟಿಯೊಳಗ ‘ಕ್ಯೊಕುಮೆನ್’ ಅದ. ನಿಘಂಟಿನಾಗ ಅದಕ್ಕೂ ‘ಹಂತ’, ‘ದಂಕಯ್’ಗೂ ‘ಹಂತ’ ಅಂತನ ಕೊಟ್ಟಾರ. ಹಂಗಾದ್ರ ಬ್ಯಾಡಗಿ ಮೆಣಸಿನಕಾಯಿ ಬೆಳಿ ಹೂವಿನ ಹಂತಕ್ಕ ಬಂದದ ಅನ್ನಲಿಕ್ಕೆ ‘ಕಯ್ಕ ನೊ ಕ್ಯೊಕುಮೆನ್’ ಅಂದ್ರ ತಪ್ಪೇನ್ರಿ?

ಉತ್ತರ 1 (ಹುಬ್ಬಳ್ಳಿ):
ತಪ್ಪರಿ. ‘ದಂಕಯ್’ನ ಜಪಾನಿ ಬರಹದಾಗ ಮೊದಲ ಅಕ್ಷರದ ಅರ್ಥ ಮೆಟ್ಟಿಲು, ಎರಡನೇದರದು ಮಹಡಿ. ಒಂದರ ಮ್ಯಾಲೊಂದು, ಮೊದಲಾ ಗೊತ್ತಿದ್ದ ಕ್ರಮ. ಸಸಿ, ಹೂ, ಕಾಯಿ, ಹಣ್ಣು ಇವೆಲ್ಲಾ ದಂಕಯ್. ಎಣಿಸಲಿಕ್ಕೂ ಬರ್ತದ: ‘ಸನ್-ದಂಕಯ್’ ಅಂದ್ರ ಮೂರು ಹಂತ. ಬೆಳಿ ಬಗ್ಗೆ ಬರಿಯೂವಾಗ ‘ಕಯ್ಕಕಿ’, ಅಂದ್ರ ಹೂ ಬಿಡೋ ಕಾಲ, ಇನ್ನೂ ಸಹಜ.

‘ಕ್ಯೊಕುಮೆನ್’ ಹುಟ್ಟಿದ್ದು ಆಟದ ಮಣಿ ಮ್ಯಾಲೆ. ಗೊ, ಶೋಗಿ (ಚದುರಂಗದಂಥಾ ಮಣಿ ಆಟಗಳು) ಆಡೂವಾಗ ಒಂದು ಗಳಿಗ್ಯಾಗ ಕಾಯಿಗಳು ನಿಂತ ರೀತಿಗೆ ಆ ಹೆಸರು. ಶೋಗಿ ಮಣಿಗೆ 81 ಮನಿ, ಇಬ್ಬರದೂ ಸೇರಿ 40 ಕಾಯಿ. ಒಂದು ನಡಿ ಬಿತ್ತಂದ್ರ ಗೆಲ್ಲಾಂವ ಸೋಲೋ ಕಡೆ ತಿರುಗಬಹುದು. ಮುಂದಿನ ನಡಿ ಯಾರಿಗೂ ಗೊತ್ತಿಲ್ಲ, ಅದಕ್ಕ ಇದನ್ನ ದಂಕಯ್‌ನಂಗ ಎಣಿಸೋದು ಕಡಿಮಿ. ಕನ್ನಡದಾಗ ‘ಮಾತುಕತಿ ನಿರ್ಣಾಯಕ ಘಟ್ಟಕ್ಕ ಬಂತು’ ಅಂತೀವಲ್ಲ, ಆ ‘ಘಟ್ಟ’ನ ಇದು. ದಂಕಯ್‌ಗೆ ‘ಹಂತ’, ಕ್ಯೊಕುಮೆನ್‌ಗೆ ‘ಘಟ್ಟ’ ಅಂತ ಬರ್ಕೊಳ್ರಿ, ನಿಘಂಟಿನ ಗೊಂದಲ ಅರ್ಧ ಕಡಿಮಿ ಆಗ್ತದ.

ಉತ್ತರ 2 (ನರಗುಂದ):
ಮಹದಾಯಿ ಇಟ್ಕೊಂಡು ನೋಡ್ರಿ. 2010ರಾಗ ನ್ಯಾಯಮಂಡಳಿ ಆತು. 2018ರ ಆಗಸ್ಟ್‌ನಾಗ ಕರ್ನಾಟಕಕ್ಕ 13.42 ಟಿಎಂಸಿ ಅಂತ ತೀರ್ಪು ಬಂತು. 2020ರ ಫೆಬ್ರುವರಿಗೆ ಕೇಂದ್ರದ ಅಧಿಸೂಚನೆ. ಪ್ರತಿ ಸಲಾನೂ ಜಗಳದ ಮುಖಾನ ಬದಲಾತು. ಜಪಾನಿ ಪತ್ರಿಕಾದ ಧಾಟಿಯೊಳಗ ಇದು: ‘ಮಹದಾಯಿ ನೊ ಮಿಜು-ಮೊಂದಯ್ ವ ಅರತನ ಕ್ಯೊಕುಮೆನ್ ಒ ಮುಕಎತ’, ಮಹದಾಯಿ ನೀರಿನ ಸಮಸ್ಯೆ ಹೊಸ ಘಟ್ಟಕ್ಕ ಬಂತು. ಆದ್ರ ಕಾಲುವಿ ಕೆಲಸದ ಮೊದಲನೇ ಹಂತ, ಎರಡನೇ ಹಂತ ಅನ್ನೂವಾಗ ದಂಕಯ್ನ ಬರಬೇಕು.

ಎಡವೋದು ಪ್ರತ್ಯಯದಾಗ. ‘ಮುಕಎರು’ (ಎದುರುಗೊಳ್ಳು) ಕ್ರಿಯಾಪದಕ್ಕ ‘ಒ’ ಹತ್ತಬೇಕು. ‘ನಿ’ ಹಚ್ಚೋರು ಅದನ್ನ ‘ಮುಕಉ’ (ಆ ಕಡೆ ಹೋಗು) ಜೋಡಿ ಕಲಸ್ತಾರ. ‘ಹಯ್‌ರು’ (ಒಳಗ ಹೋಗು) ಬಂದ್ರ ‘ನಿ’. ಬಿಕ್ಕಟ್ಟು ಬಿಡಿಸೋದಕ್ಕ ‘ಕ್ಯೊಕುಮೆನ್ ಒ ದಕಯ್ ಸುರು’. ಈ ಮೂರೂ ಇಡೀ ವಾಕ್ಯದಾಗನ ಬಾಯಿಪಾಠ ಮಾಡ್ರಿ. ಬರೇ ಶಬ್ದ ಕಲಿತ್ರ ಪರೀಕ್ಷಾದಾಗ ಕೈ ಕೊಡ್ತದ.

ಉತ್ತರ 3 (ಹಾವೇರಿ):
ಉಚ್ಚಾರದ ಬಗ್ಗೆ ಒಂದು ಮಾತು. ‘ಕ್ಯೊ’ ಹ್ರಸ್ವ. ‘ಕ್ಯೋಕುಮೆನ್’ ಅಂತ ಎಳದು ಟೈಪ್ ಮಾಡಿದ್ರ ಫೋನಿನಾಗ ಸರಿಯಾದ ಅಕ್ಷರ ಬರೂದಿಲ್ಲ. ‘ಜೋಕ್ಯೋ’ (ಪರಿಸ್ಥಿತಿ) ಒಳಗ ಮಾತ್ರ ಎರಡೂ ದೀರ್ಘ. ಒ-ಓ ಬ್ಯಾರೆ ಬ್ಯಾರೆ ಇರೋ ನಮ್ಮ ಲಿಪಿ ಇಲ್ಲಿ ಭಾಳ ಅನುಕೂಲ. ರೋಮನ್‌ನಾಗ ಬರಕೊಳ್ಳಬ್ಯಾಡ್ರಿ, ಕನ್ನಡದಾಗ ಬರಕೊಂಡ್ರ ಹ್ರಸ್ವ-ದೀರ್ಘ ತಪ್ಪೋದಿಲ್ಲ. ಜಪಾನಿ ಲಿಪಿಯೊಳಗ ‘ಕ್ಯೊಕುಮೆನ್’ನ ಮೊದಲ ಅಕ್ಷರ 7 ಗೆರಿ, ‘ಯೂಬಿನ್‌ಕ್ಯೊಕು’ (ಅಂಚೆ ಕಚೇರಿ) ಒಳಗಿಂದ ಅದ. ಎರಡನೇದು 9 ಗೆರಿ, ಅರ್ಥ ಮುಖ.

ಪ್ರಶ್ನೆ ಕೇಳಿದವರು:
ಹಂಗಾದ್ರ ‘ಸಯ್‌ಶೂ ದಂಕಯ್’, ‘ಸಯ್‌ಶೂ ಕ್ಯೊಕುಮೆನ್’ ಎರಡೂ ನಡೀತಾವೇನು? (‘ಸಯ್‌ಶೂ’ ಅಂದ್ರ ಕಡೀ.)

ಉತ್ತರ 1:
ನಡೀತಾವ. ಸೇತುವಿ ಕೆಲಸ ಕಡೀ ಹಂತದಾಗಿದ್ರ ದಂಕಯ್, ಉಳಿದದ್ದು ಏನಂತ ಗೊತ್ತದ. ಚುನಾವಣಿ ಪ್ರಚಾರದ ಕಡೀ ದಿನಗಳಿಗೆ ಕ್ಯೊಕುಮೆನ್, ಯಾವ ಕಡೆ ವಾಲ್ತದೋ ಇನ್ನೂ ಗೊತ್ತಿಲ್ಲ.