‘ಜಾರಿ’ ಎಂದರೆ ಹೊರಟಿದ್ದೋ, ಮುಟ್ಟಿದ್ದೋ?

ದಾವಣಗೆರೆಯ ವಕೀಲರೊಬ್ಬರ ಕಚೇರಿಯಲ್ಲಿ ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನದು. ಮೊನ್ನೆ ಒಂದು ಕ್ರಿಮಿನಲ್ ಕಡತದಲ್ಲಿ, ಸಮನ್ಸಿನ ಬೆನ್ನಿಗೆ ಪೊಲೀಸರು ಬರೆದಿದ್ದ ಷರಾ ಹೀಗಿತ್ತು: ‘ಆಸಾಮಿ ಊರಲ್ಲಿಲ್ಲ, ಮನೆಗೆ ಬೀಗ ಹಾಕಿದೆ, ಸಮನ್ಸ್ ಜಾರಿಯಾಗಿದೆ.’ ಬೀಗ ಹಾಕಿದ ಮನೆಯಲ್ಲಿ ಅದು ಯಾರಿಗೆ ಜಾರಿಯಾಯಿತು ಎಂಬುದು ತಿಳಿಯದೆ ನನ್ನ ಅರ್ಧ ದಿನ ಹೋಯಿತು.

ಪತ್ರಿಕೆಗಳಲ್ಲಿ ‘ಸರ್ಕಾರಕ್ಕೆ ಹೈಕೋರ್ಟ್ ನೋಟಿಸ್ ಜಾರಿ’ ಎಂದು ಬಂದರೆ ನ್ಯಾಯಾಲಯ ನೋಟಿಸ್ ಹೊರಡಿಸಲು ಹೇಳಿದೆ ಎಂದಷ್ಟೇ ಅರ್ಥ. ಅರಬ್ಬಿಯಲ್ಲಿ ‘ಹರಿಯುವ’ ಎಂಬ ಅರ್ಥವಿದ್ದು, ಪಾರಸಿಯನ್ನು ಹಾದು ಬಂದ ಈ ಪದ ನೋಟಿಸಿನ ಮಟ್ಟಿಗೆ ಹಿಂದಿಯಲ್ಲೂ ಹೊರಡಿಸುವುದನ್ನೇ ಹೇಳುತ್ತದೆ. ಮುಟ್ಟಿಸುವುದಕ್ಕೆ ಅಲ್ಲಿ ‘ತಾಮೀಲ್’ ಇದೆ, ಮರಾಠಿಯಲ್ಲಿ ‘ಬಜಾವಣಿ’ ಇದೆ. ನಮ್ಮ ಕೋರ್ಟುಗಳ ಬರವಣಿಗೆಯಲ್ಲಾದರೋ ‘ಹೊರಡಿಸು’ ಬೇರೆ, ‘ಜಾರಿ ಮಾಡು’ ಬೇರೆ, ಎರಡನೆಯದು ಮುಟ್ಟಿಸುವುದೇ.

ಇದು ಬರೀ ಪದದ ಜಗಳವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ (ಇಲ್ಲಿ ಇನ್ನೊಂದು ಅರ್ಥ!) ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ, ಕ್ರಿಮಿನಲ್ ಮೊಕದ್ದಮೆಗಳ ವಿಧಾನವನ್ನು ಹೇಳುವ ಕಾನೂನಿನ ಪ್ರಕಾರ ಸಮನ್ಸನ್ನು ಸಾಧ್ಯವಾದರೆ ಆಸಾಮಿಯ ಕೈಗೇ ಕೊಡಬೇಕು, ಅವರು ಸಿಗದಿದ್ದರೆ, 66ನೆಯ ಪ್ರಕರಣದಂತೆ (ಸೆಕ್ಷನ್), ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕರೊಬ್ಬರಿಗೆ ಕೊಡಬಹುದು. ಹಳೆಯ 1973ರ ಸಂಹಿತೆಯಲ್ಲಿ ಆ ವಯಸ್ಕರು ಗಂಡಸೇ ಆಗಿರಬೇಕಿತ್ತು. ಮನೆಯ ಆಳು ಆಗಲೂ ಈಗಲೂ ಕುಟುಂಬದ ಲೆಕ್ಕಕ್ಕಿಲ್ಲ. ಅದೂ ಆಗದಿದ್ದರೆ 67ನೆಯ ಪ್ರಕರಣದಂತೆ ಒಂದು ಪ್ರತಿಯನ್ನು ಮನೆಯ ಎದ್ದು ಕಾಣುವ ಜಾಗಕ್ಕೆ ಅಂಟಿಸಬೇಕು. ಆಮೇಲೆ ತಕ್ಕ ವಿಚಾರಣೆ ಮಾಡಿ, ಸಮನ್ಸ್ ಸರಿಯಾಗಿ ಜಾರಿಯಾಗಿದೆ ಎಂದು ಘೋಷಿಸುವುದೋ, ಹೊಸದಾಗಿ ಜಾರಿ ಮಾಡಲು ಆದೇಶಿಸುವುದೋ ನ್ಯಾಯಾಲಯಕ್ಕೆ ಬಿಟ್ಟದ್ದು.

ಹೀಗಿರುವಾಗ ಬೀಗ ಹಾಕಿದ ಮನೆಯ ಮುಂದೆ ನಿಂತವರು ‘ಜಾರಿಯಾಗಿದೆ’ ಎಂದು ಬರೆಯುವುದು ನ್ಯಾಯಾಧೀಶರ ಮಾತನ್ನು ಮೊದಲೇ ಆಡಿದಂತೆ. ಅವರು ಬರೆಯಬೇಕಾದದ್ದು ತಾವು ಮಾಡಿದ ಕೆಲಸವನ್ನು: ಯಾವ ದಿನ, ಯಾವ ಬಾಗಿಲಿಗೆ, ಯಾರೆದುರು ಅಂಟಿಸಿದೆ ಎಂಬುದನ್ನು. ‘ಜಾರಿ’ಯ ಬದಲು ‘ತಲುಪಿದೆ’ ಎಂದು ಬಳಸೋಣವೆಂದರೆ, ಅಂಟಿಸಿದ ಕಾಗದ ಕಾನೂನಿನ ಕಣ್ಣಿಗೆ ಜಾರಿಯಾಗಿದ್ದರೂ ಆಸಾಮಿಗೆ ತಲುಪಿರಲೇಬೇಕೆಂದಿಲ್ಲ.

ಸದ್ಯಕ್ಕೆ ಆ ಷರಾದ ಅನುವಾದದಲ್ಲಿ ‘ಜಾರಿ’ಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಎರಡೂ ಅರ್ಥಗಳನ್ನು ಕೊಟ್ಟಿದ್ದೇನೆ. ಅಂಟಿಸಿ ಬಂದದ್ದನ್ನು ಹೇಳಲು ಚಿತ್ರದುರ್ಗ, ಹೊಳಲ್ಕೆರೆಯ ಕಡೆಯ ಠಾಣೆಗಳಲ್ಲಿ ಬೇರೆ ಪದವೇನಾದರೂ ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.