ಕವರ್ ನೋಡಿ ರೆಕಾರ್ಡ್ ತಂದೆ, ಈಗ ಮನೇಲಿ ದಿನಾ ಬೈಗುಳ

ಸೈಡ್_ಬಿ:
ಹೋದ ತಿಂಗಳು ಚರ್ಚ್ ಸ್ಟ್ರೀಟ್ ಕಡೆ ಹೋಗಿದ್ದಾಗ ಒಂದು ಅಂಗಡೀಲಿ ಸುಮ್ನೆ ರೆಕಾರ್ಡ್‌ಗಳನ್ನ ಸರಿಸ್ಕೊಂಡು ನೋಡ್ತಿದ್ದೆ. ಒಂದರ ಮೇಲೆ ಬರೀ ಒಂದು ಮುಖ, ಕೆಂಪಗೆ, ಬಾಯಿ ಅಗಲಿಸಿ ಕಿರುಚ್ತಿದೆ, ಮೂಗಿನ ಹೊಳ್ಳೆ ಒಳಗಡೆವರೆಗೂ ಕಾಣತ್ತೆ. ಮುಂದುಗಡೆ ಬ್ಯಾಂಡ್ ಹೆಸರೂ ಇಲ್ಲ, ಆಲ್ಬಮ್ ಹೆಸರೂ ಇಲ್ಲ. ಯಾರ್ದು ಅಂತನೂ ಗೊತ್ತಿಲ್ದೆ ಮೂರು ಸಾವಿರ ಚಿಲ್ಲರೆ ಕೊಟ್ಟು ತಂದ್ಬಿಟ್ಟೆ.

ಆಮೇಲೆ ನೋಡಿದ್ರೆ ಅದು ಕಿಂಗ್ ಕ್ರಿಮ್ಸನ್ ಅನ್ನೋರದ್ದು, 1969ರಲ್ಲಿ ಬಂದ ಅವರ ಮೊದಲನೇ ಆಲ್ಬಮ್ಮು. ಮೊದಲ ಹಾಡು ಥೇಟ್ ಆ ಮುಖದ ಥರಾನೇ, ಗಿಟಾರು ಸ್ಯಾಕ್ಸೋಫೋನು ಎಲ್ಲ ಒಟ್ಟಿಗೆ ಅರಚ್ತಾವೆ, ನಮ್ಮನೆಯವಳು ಹಾಲಿಗೆ ಬಂದು ಮಿಕ್ಸಿ ಯಾಕೆ ಇಲ್ಲಿ ತಂದು ಹಾಕಿದೀರಾ ಅಂದ್ಲು. ಆದ್ರೆ ಎರಡನೇ ಹಾಡಿಗೆ ಬಂದ್ರೆ ಪೂರ್ತಿ ತದ್ವಿರುದ್ಧ, ಮೆತ್ತಗೆ ಕೊಳಲು, ನಿದ್ದೆ ಬರೋ ಹಂಗಿದೆ. ಈಗ ನಾನು ಅದೊಂದನ್ನೇ ಕೇಳೋದು, ಮಿಕ್ಕಿದ್ದು ಕೇಳಲ್ಲ, ಆದ್ರೆ ಕವರ್ ಮಾತ್ರ ಟೀವಿ ಪಕ್ಕ ನಿಲ್ಲಿಸಿದೀನಿ. ನಿಮ್ಮಲ್ಲಿ ಯಾರಾದ್ರೂ ಹಿಂಗೆ ಬರೀ ಮುಖ ನೋಡಿ ಮ್ಯೂಸಿಕ್ ತಗೊಂಡಿದೀರಾ? ಇಲ್ಲ ನಾನೊಬ್ನೇ ದಡ್ಡನಾ?

ಎಂಟೂವರೆ_ಬಸ್ಸು:
ಒಬ್ನೇ ಅಲ್ಲ ಗುರು. ನಾನು ಐರನ್ ಮೇಡನ್ ಅನ್ನೋ ಹೆವಿ ಮೆಟಲ್ ಬ್ಯಾಂಡಿನ ಹಾಡು ಒಂದೂ ಕೇಳದೆ ಕ್ಯಾಸೆಟ್ ತಗೊಂಡೋನು. ಹಾಸ್ಟೆಲ್ ದಿನ, ಜೇಬಲ್ಲಿ ಊಟದ ದುಡ್ಡು, ಅಂಗಡಿ ಗಾಜಿನ ಹಿಂದೆ ಎಡ್ಡಿ, ಅದೇ ಆ ಕೊಳೆತ ಹೆಣದ ಥರದ ಪ್ರಾಣಿ. ಕ್ಯಾಸೆಟ್ ಕವರ್ ಅಂಗೈಗಿಂತ ಚಿಕ್ಕದು ನೋಡಿ, ಆದ್ರೂ ಬಿಡ್ಲಿಲ್ಲ. ಊರಿಗೆ ತಗೊಂಡೋದಾಗ ನಮ್ಮಜ್ಜಿ ಅದನ್ನ ದೇವರ ಮನೆ ಕಡೆ ಮುಖ ಮಾಡಿ ಇಡಬೇಡ ಅಂತ ಬೋರಲು ಹಾಕಿದ್ರು.

ಮಜಾ ಏನಂದ್ರೆ ಆ ಚಿತ್ರಕ್ಕೂ ಅವರ ಮ್ಯೂಸಿಕ್ಕಿಗೂ ಸಂಬಂಧಾನೇ ಇರ್ಲಿಲ್ಲ. ಬರೆದೋನು ಡೆರೆಕ್ ರಿಗ್ಸ್, ಯಾವ್ದಾದ್ರೂ ಪಂಕ್ ಬ್ಯಾಂಡಿಗೆ ಆಗತ್ತೆ ಅಂತ ಮೊದಲೇ ಬರೆದಿಟ್ಟಿದ್ನಂತೆ. ಇವರು ನೋಡಿ ಇಷ್ಟಪಟ್ಟು, ಸ್ವಲ್ಪ ಕೂದಲು ಜಾಸ್ತಿ ಮಾಡಪ್ಪಾ ಅಂದ್ರು, ಅಷ್ಟೇ, 1980ರ ಮೊದಲ ಆಲ್ಬಮ್ಮಿಗೆ ಅದೇ ಕವರ್ ಆಯ್ತು. ಕೂದಲು ಬಿಟ್ರೆ ಹೆವಿ ಮೆಟಲ್ಲು, ಕತ್ತರಿಸಿದ್ರೆ ಪಂಕು! ಆದ್ರೆ ನನಗೆ ಲಾಸ್ ಆಗ್ಲಿಲ್ಲಪ್ಪ. 2007ರ ಮಾರ್ಚಲ್ಲಿ ಅವರು ಅರಮನೆ ಮೈದಾನಕ್ಕೆ ಬಂದಾಗ ಆಫೀಸಿಗೆ ಜ್ವರ ಅಂತ ಹೇಳಿ ಹೋಗಿದ್ದೆ, ಮಾರನೇ ದಿನ ಗಂಟಲು ಕಟ್ಟಿತ್ತು, ಹಂಗಾಗಿ ಯಾರಿಗೂ ಡೌಟೇ ಬರ್ಲಿಲ್ಲ.

ಕಾಫಿ_ಲೋಟ:
ಫೋನಲ್ಲಿ ಹಾಕಿ ಮೂವತ್ತು ಸೆಕೆಂಡ್ ಕೇಳಿ ಆಮೇಲೆ ತಗೊಳ್ಳೋಕೆ ಏನ್ ರೋಗ? ಮೂರು ಸಾವಿರ ಅಂತೆ.

ಹಳೇ_ಪ್ಲೇಟು:
ಕಾಫಿ ಲೋಟದೋರೆ, ಕೇಳಿ ತಗೊಂಡ್ರೂ ಮೋಸ ಹೋಗ್ತೀವಿ. ನಾನು ಅರವತ್ತು ದಾಟಿದೋನು, ನಮ್ಮ ಕಾಲದಲ್ಲಿ ಬೋನಿ ಎಂ ಅನ್ನೋ ಡಿಸ್ಕೋ ತಂಡ ಅಂದ್ರೆ ಹುಚ್ಚು. ಮದುವೆ ಮನೆ ಸ್ಪೀಕರಲ್ಲೂ ಅದೇ. ಆ ತಂಡದ ಬಾಬಿ ಫ್ಯಾರೆಲ್ ಎದೆ ಬಿಟ್ಕೊಂಡು ಕುಣಿಯೋನಲ್ಲ, ಅವನ ಥರಾನೇ ಒಂದು ಬೆಲ್ ಬಾಟಮ್ ಹೊಲಿಸಿದ್ದೆ. ವರ್ಷಗಳಾದ ಮೇಲೆ ಗೊತ್ತಾಯ್ತು, ರೆಕಾರ್ಡಲ್ಲಿರೋ ಆ ದಪ್ಪ ದನಿ ಅವನದ್ದಲ್ಲ, ಪ್ರೊಡ್ಯೂಸರ್ ಫ್ರಾಂಕ್ ಫೇರಿಯನ್ ಅನ್ನೋ ಜರ್ಮನಿಯವನದ್ದು! ನಾಲ್ಕು ಜನದಲ್ಲಿ ನಿಜವಾಗಿ ಹಾಡಿದೋರು ಇಬ್ಬರೇ, ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್.

ಅದೇ ಫೇರಿಯನ್ ಆಮೇಲೆ ಮಿಲಿ ವನಿಲಿ ಅಂತ ಇಬ್ಬರು ಚೆಂದದ ಹುಡುಗರನ್ನ ಮುಂದೆ ನಿಲ್ಲಿಸಿದ. 1990ರಲ್ಲಿ ಅವರಿಗೆ ಗ್ರ್ಯಾಮಿನೂ ಬಂತು, ಅದೇ ವರ್ಷ ನವೆಂಬರಲ್ಲಿ ಇವರು ಒಂದಕ್ಷರನೂ ಹಾಡಿಲ್ಲ ಅಂತ ಆಚೆಗೆ ಬಂದು ವಾಪಸ್ ಕಿತ್ಕೊಂಡ್ರು. ಅಮೆರಿಕದಲ್ಲಿ ಜನ ಕೋರ್ಟಿಗೆ ಹೋದ್ರು, ರೆಕಾರ್ಡ್ ತಗೊಂಡೋರು ಒಂದಿಷ್ಟು ದುಡ್ಡು ವಾಪಸ್ ಕೇಳಬಹುದು ಅಂತ ರಾಜಿನೂ ಆಯ್ತು. ನನ್ನ ಬೆಲ್ ಬಾಟಮ್ ದುಡ್ಡು ಯಾರು ಕೊಡ್ತಾರೆ? ಆದ್ರೆ ಒಂದ್ ಮಾತು, ಈಗ್ಲೂ ಬೋನಿ ಎಂ ಹಾಡು ಬಂದ್ರೆ ಕಣ್ಣಮುಂದೆ ಬರೋನು ಬಾಬಿನೇ. ಹಾಡಿದೋನ ಮುಖ ಹೆಂಗಿತ್ತು ಅಂತ ಹುಡುಕೋ ಮನಸ್ಸೂ ಬಂದಿಲ್ಲ.

ಎಂಟೂವರೆ_ಬಸ್ಸು:
ಸಾರ್ ಆ ಬೆಲ್ ಬಾಟಮ್ ಫೋಟೋ ಇದ್ರೆ ಹಾಕಿ 😂

ಮಲೆನಾಡ್_ಮಳೆ:
ಅಮೆರಿಕದ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ದು 1967ರ ಆಕ್ಸಿಸ್ ಆಲ್ಬಮ್ ಕವರ್ ನೋಡಿದೀರಾ? ಥೇಟ್ ನಮ್ಮ ಕ್ಯಾಲೆಂಡರಿನ ವಿಶ್ವರೂಪ ದರ್ಶನ, ಮಧ್ಯದಲ್ಲಿ ಬ್ಯಾಂಡಿನ ಮೂವರ ಮುಖ. ನಮ್ಮಮ್ಮ ಅದನ್ನ ಭಜನೆ ಅಂದ್ಕೊಂಡು ಹಾಕು ಅಂದ್ರು, ಹಾಕಿದೆ, ಆಮೇಲೆ ಮಾತಾಡ್ಲಿಲ್ಲ. ಪಾಪ ಹೆಂಡ್ರಿಕ್ಸ್‌ಗೇ ಅದು ಹಿಡಿಸಿರ್ಲಿಲ್ಲವಂತೆ. ಅವನ ವಂಶದಲ್ಲಿ ಚೆರೊಕೀ ಅನ್ನೋ ಅಮೆರಿಕದ ಮೂಲನಿವಾಸಿಗಳ ರಕ್ತ ಇತ್ತು ಅಂತಾರೆ, ಅವನ ಲೆಕ್ಕದಲ್ಲಿ ಇಂಡಿಯನ್ ಅಂದ್ರೆ ಅವರು, ಕಂಪನಿಯವರು ನಮ್ಮನ್ನ ತಂದು ಕೂರಿಸಿದ್ರು.

ಸೈಡ್_ಬಿ ಅಣ್ಣ, ನಿಮ್ಮ ಕಿರುಚೋ ಮುಖ ಬರೆದೋನು ಬ್ಯಾರಿ ಗಾಡ್‌ಬರ್. ಅವನ ಕೆಲಸ ಏನು ಗೊತ್ತಾ? ಕಂಪ್ಯೂಟರ್ ಪ್ರೋಗ್ರಾಮರ್! ಜೀವನದಲ್ಲಿ ಮಾಡಿದ್ದು ಅದೊಂದೇ ಆಲ್ಬಮ್ ಕವರ್. ರೆಕಾರ್ಡ್ ಬಂದು ಸ್ವಲ್ಪ ದಿನಕ್ಕೇ, 1970ರಲ್ಲಿ, ಇಪ್ಪತ್ತನಾಲ್ಕು ವಯಸ್ಸಿಗೆ ಹೋಗ್ಬಿಟ್ಟ. ಅದು ಪುಸ್ತಕದ ಥರ ಬಿಚ್ಚೋ ಕವರ್ ಅಲ್ವಾ, ಒಳಗಡೆ ನಗೋ ಮುಖ ಒಂದಿದೆ. ಅದರ ಬಾಯಿ ಮೇಲೆ ಕೈ ಇಟ್ಟು ಬರೀ ಕಣ್ಣು ನೋಡಿ. ಬ್ಯಾಂಡಿನ ರಾಬರ್ಟ್ ಫ್ರಿಪ್ಪೇ ಹೇಳಿದ ಉಪಾಯ ಇದು.

ಸೈಡ್_ಬಿ:
ಕಾಫಿ ಲೋಟ, ಫೋನಲ್ಲಿ ಕೇಳಿದ್ರೆ ಮೂವತ್ತು ಸೆಕೆಂಡಿಗೇ ಓಡಿಹೋಗ್ತಿದ್ದೆ, ಆ ಕೊಳಲಿನ ಹಾಡು ಸಿಗ್ತಾನೇ ಇರ್ಲಿಲ್ಲ. ಆದ್ರೆ ನೀವ್ ಹೇಳಿದ್ದೂ ಸರಿನೇ, ಮೂರು ಸಾವಿರ ಮೂರು ಸಾವಿರಾನೇ.

ಮಳೆ, ಒಳಗಡೆ ಬಿಚ್ಚೇ ನೋಡಿರ್ಲಿಲ್ಲ ಇಷ್ಟು ದಿನ! ಪ್ರೋಗ್ರಾಮರ್ ಅಂತ ಓದಿ ಒಂಥರಾ ಆಯ್ತು, ನಾನೂ ಅದೇ ಗಾಣದೆತ್ತು. ಈಗ ತಾನೇ ಬಾಯಿ ಮೇಲೆ ಕೈ ಇಟ್ಟು ನೋಡಿದೆ. ಪಕ್ಕದಲ್ಲಿ ಮಗಳು ಕೂತಿದ್ಲು, ಯುಕೆಜಿ, ಅವಳಿಗೆ ನಾನೇನೂ ಹೇಳಿರ್ಲಿಲ್ಲ. ಅಪ್ಪಾ ಈ ಮಾಮ ಯಾಕೆ ಅಳ್ತಿದಾನೆ ಅಂದ್ಲು. ಕೈ ತೆಗೆದೆ, ನಗು ಕಾಣ್ತು, ಮತ್ತೆ ಮುಚ್ಚು ಅಂದ್ಲು.